ಮೀಸೆಯಿಲ್ಲದ ಮುಖ

ನನಗೆ ಮನುಷ್ಯರ ಮುಖಕ್ಕಿಂತ ಹಳಗನ್ನಡದ ಪದ್ಯಗಳೇ ಹೆಚ್ಚು ನೆನಪಿರುತ್ತವೆ ಎಂದು ನನ್ನ ಹೆಂಡತಿಯ ದೂರು. ದೂರಿನಲ್ಲಿ ಸುಳ್ಳೇನೂ ಇಲ್ಲ. ದಾರಿಯಲ್ಲಿ ಹಳೆಯ ವಿದ್ಯಾರ್ಥಿ ನಿಲ್ಲಿಸಿ ನಮಸ್ಕಾರ ಮಾಡಿದರೆ, “ಈಗ ಎಲ್ಲಿದ್ದೀಯಪ್ಪಾ?” ಎಂದು ಕೇಳುತ್ತೇನೆ. ಇದು ಬಹು ಉಪಕಾರಿಯಾದ ಪ್ರಶ್ನೆ. ಉತ್ತರದಲ್ಲಿ ಏನಾದರೊಂದು ಸುಳಿವು ಸಿಕ್ಕೇ ಸಿಗುತ್ತದೆ. ಇಷ್ಟು ವರ್ಷ ನನ್ನ ಈ ಕೊರತೆಯನ್ನು ನಾನು ತಮಾಷೆಯಾಗಿಯೇ ಹೇಳಿಕೊಂಡು ಬಂದೆ. ಕೆಲವು ತಿಂಗಳ ಹಿಂದೆ ಚಂದಕವಾಡಿಯಲ್ಲಿ ಆ ತಮಾಷೆ ಮುಗಿಯಿತು.

ಚಂದಕವಾಡಿ ನನ್ನ ಹುಟ್ಟೂರು. ಚಾಮರಾಜನಗರದ ಬಸ್ಸಿನಿಂದ ಇಳಿದು ಮನೆಯ ಕಡೆ ಹೊರಟಿದ್ದೆ. ಅಂಗಡಿಯೊಂದರ ಜಗಲಿಯ ಮೇಲೆ ತಲೆ ಬೋಳಿಸಿದ, ಮೀಸೆಯಿಲ್ಲದ ಒಬ್ಬ ಮನುಷ್ಯ ಕುಳಿತಿದ್ದ. ನನ್ನನ್ನು ಕಂಡು ಅರ್ಧ ಎದ್ದ. ನಾನೂ ಅವನನ್ನು ನೋಡಿದೆ. ಯಾರೋ ಏನೋ ಎಂದುಕೊಂಡು ಮುಂದೆ ನಡೆದೆ. ಅವನು ಮತ್ತೆ ಕುಳಿತದ್ದು ಕಣ್ಣಂಚಿಗೆ ಕಾಣಿಸಿತು.

ಮನೆಯಲ್ಲಿ ಅಣ್ಣ ಸುದ್ದಿ ಹೇಳಿದ. ನನ್ನ ಬಾಲ್ಯದ ಗೆಳೆಯನ ತಾಯಿ ತೀರಿಕೊಂಡು ಹನ್ನೆರಡು ದಿನವಾಗಿತ್ತು. “ನೀನು ಪರೀಕ್ಷೆಯ ಮೌಲ್ಯಮಾಪನದಲ್ಲಿದ್ದೀಯೆಂದು ತಿಳಿಸಲಿಲ್ಲ” ಎಂದ. ನನ್ನ ಎದೆ ಧಸಕ್ಕೆಂದಿತು. ಜಗಲಿಯ ಮೇಲಿದ್ದವನು ಅವನೇ! ಆ ತಾಯಿಯ ಕೈಯ ರಾಗಿಮುದ್ದೆ ಉಂಡು ಬೆಳೆದವನು ನಾನು. ದುಷ್ಯಂತನಿಗಾದರೋ ದೂರ್ವಾಸರ ಶಾಪವೆಂಬ ನೆಪವಿತ್ತು. ನನಗೆ ಯಾವ ಋಷಿಯ ಶಾಪ?

ಆ ರಾತ್ರಿ ಅವನ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಮಲಗಿದವನಿಗೆ ಮತ್ತೊಂದು ಮೀಸೆಯ ನೆನಪಾಯಿತು. ನಮ್ಮ ಜಿಲ್ಲೆಯ ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್‌ನನ್ನು 2004ರ ಅಕ್ಟೋಬರ್ 18ರಂದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಪೊಲೀಸರು ಕೊಂದರು. ಮಾರನೆಯ ದಿನದ ಚಿತ್ರಗಳಲ್ಲಿ ಆ ಹೆಸರಾಂತ ಮೀಸೆ ಕತ್ತರಿಸಿ ಗಿಡ್ಡವಾಗಿತ್ತು. ನಮ್ಮ ಕಡೆಯ ಚಹದಂಗಡಿಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು: ಇವನು ಅವನಲ್ಲ, ಬೇರೆ ಯಾರೋ! ವರನಟ ರಾಜಕುಮಾರ್ ಅವರನ್ನು 2000ದ ಜುಲೈ 30ರಂದು ಗಾಜನೂರಿನಿಂದ ಒಯ್ದು 108 ದಿನ ಕಾಡಿನಲ್ಲಿಟ್ಟಿದ್ದವನ ಮುಖ ನಮಗೆಲ್ಲ ಗೊತ್ತೆಂದೇ ನಾವು ನಂಬಿದ್ದೆವು. ಗೊತ್ತಿದ್ದದ್ದು ಮುಖವಲ್ಲ, ಮೀಸೆ.

ತಪ್ಪು ಮಾಡಿದವನು ನೆಪ ಹುಡುಕುವುದು ಲೋಕರೂಢಿ. ಊರಿನಿಂದ ಹಿಂತಿರುಗಿದ ಮೇಲೆ ಮನಶ್ಶಾಸ್ತ್ರದ ನಾಲ್ಕು ಪುಸ್ತಕ ತಿರುವಿದೆ. ಜರ್ಮನಿಯ ವೈದ್ಯ ಬೋಡಾಮರ್ 1947ರಲ್ಲಿ, ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರ ಒಂದು ವಿಚಿತ್ರ ಸ್ಥಿತಿಯನ್ನು ವರ್ಣಿಸಿ ಅದಕ್ಕೆ ಹೆಸರಿಟ್ಟ. ಕಣ್ಣು ಕಾಣುತ್ತದೆ, ಮೂಗು ಬಾಯಿಗಳು ತಿಳಿಯುತ್ತವೆ. ಆದರೆ ಇದು ಯಾರ ಮುಖವೆಂದು ತಿಳಿಯದು. ಕನ್ನಡಿಯಲ್ಲಿನ ತನ್ನ ಮುಖವೂ ಅಪರಿಚಿತ! ಇದನ್ನು ಮುಖಗುರುಡು ಎನ್ನೋಣ. ಅಂಥವರು ಆಪ್ತರನ್ನು ದನಿಯಿಂದ, ನಡಿಗೆಯಿಂದ ಗುರುತಿಸಬೇಕಾಗುತ್ತದೆ. ಹುಟ್ಟಿನಿಂದಲೇ ಈ ಕೊರತೆಯುಳ್ಳವರೂ ಇದ್ದಾರೆ. ನನಗೂ ಇದೇ ಇರಬಹುದೆಂದು ಒಂದು ಗಳಿಗೆ ಸಮಾಧಾನವಾಯಿತು.

ಆದರೆ ಮುಂದಿನ ಪುಟಗಳು ಆ ಸಮಾಧಾನವನ್ನು ಕಸಿದುಕೊಂಡವು. 1979ರಲ್ಲಿ ಎಲ್ಲಿಸ್, ಶೆಪರ್ಡ್, ಡೇವೀಸ್ ಎಂಬ ಮೂವರು ಒಂದು ಪರೀಕ್ಷೆ ಮಾಡಿದರು. ಪರಿಚಿತರ ಮುಖವನ್ನು ನಾವು ಕಣ್ಣು, ಮೂಗು, ಬಾಯಿಗಳ ಒಳಭಾಗದಿಂದಲೇ ಹೆಚ್ಚು ಚೆನ್ನಾಗಿ ಗುರುತಿಸುತ್ತೇವೆ. ಅಪರಿಚಿತರ ವಿಷಯದಲ್ಲಿ ಒಳಭಾಗಕ್ಕೆ ಈ ಹೆಚ್ಚುಗಾರಿಕೆ ಇಲ್ಲ. ತಲೆಗೂದಲು, ಮುಖದ ಅಂಚುಗಳಿಗೂ ಅಷ್ಟೇ ಬೆಲೆ. ಮೀಸೆ ಮುಖದ ನಡುವೆಯೇ ಇದ್ದರೂ ಕೂದಲಿನಂತೆ ತೆಗೆದಿಡಬಲ್ಲ ವಸ್ತು. ಹಾಗಾದರೆ ಕೂದಲು ಮೀಸೆ ಹೋದೊಡನೆ ಗೆಳೆಯನನ್ನು ಕಳೆದುಕೊಂಡ ನಾನು ಅವನನ್ನು ನೋಡುತ್ತಿದ್ದದ್ದು ಹೇಗೆ? ವರ್ಷಕ್ಕೆರಡು ಸಲ ಊರಿಗೆ ಹೋದಾಗ ದೂರದಿಂದ ಕೈಯೆತ್ತಿ “ಚೆನ್ನಾಗಿದ್ದೀಯಾ?” ಎಂದದ್ದಷ್ಟೇ. ಗೆಳೆಯನನ್ನು ಯಾವಾಗಲೋ ದಾರಿಹೋಕನ ಸಾಲಿಗೆ ಸೇರಿಸಿಬಿಟ್ಟಿದ್ದೆ.

ಮುಂದಿನ ಭಾನುವಾರ ಅವನ ಮನೆಗೆ ಹೋದೆ. ಹಜಾರದಲ್ಲಿ ಕುಳಿತಿದ್ದ. ಪುಸ್ತಕದ ಮಾತೊಂದೂ ನನ್ನ ಬಾಯಿಗೆ ಬರಲಿಲ್ಲ. “ಅವತ್ತು ನಾನು…” ಎಂದೆ.

“ನೀ ಗುರ್ತು ಹಿಡಿನಿಲ್ಲ ಅಂತ ಗೊತ್ತಾಯ್ತು ಕನ್ಲಾ” ಎಂದ. “ಕನ್ನಡಿ ನೋಡ್ಕಂಡಾಗ ನಂಗೇ ಗುರ್ತು ಸಿಗ್ನಿಲ್ಲ, ಇನ್ನು ನಿಂಗೆಲ್ಲಿ? ಅವ್ವ ಇದ್ದಿದ್ರ, ಕಣ್ಣು ಕಾಣ್ದಿದ್ರೂ ನಿನ್ನ ಹೆಜ್ಜೆ ಸದ್ದಲ್ಲೇ ಕರೀತಿದ್ಲು.”

ನಿಜ. ಕಡೆಯ ವರ್ಷಗಳಲ್ಲಿ ಆಕೆಗೆ ಕಣ್ಣು ಮಂಜಾಗಿತ್ತು. ನಾನು ಹೊಸಿಲು ದಾಟುವ ಮೊದಲೇ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು.

ಕಾಫಿ ಬಂತು. ಅವನು ಲೋಟ ಎತ್ತಿದಾಗ ಮೇಲ್ತುಟಿಯ ಮೇಲೆ ಒಂದು ಬಿಳಿಯ ಗಾಯದ ಗೆರೆ ಕಾಣಿಸಿತು. ಇಪ್ಪತ್ತೈದು ವರ್ಷ ಮೀಸೆಯ ಕೆಳಗೆ ಅಡಗಿದ್ದ ಗೆರೆ. ಹತ್ತು ವರ್ಷದ ಹುಡುಗನಾಗಿದ್ದಾಗ ಹುಣಸೆಮರದಿಂದ ಬಿದ್ದು ಮಾಡಿಕೊಂಡದ್ದು. ಅಂದು ಅವನನ್ನು ಮರ ಹತ್ತಿಸಿದವನು ನಾನೇ. ಜಗಲಿಯ ಮೇಲೆ ಕುಳಿತಿದ್ದಾಗಲೂ ಅದು ಅಲ್ಲೇ ಇತ್ತು, ನಾನು ನೋಡಿರಲಿಲ್ಲ.