ಬಿಚ್ಚಿ ಕಟ್ಟಿದ ಮನೆ

ಮನೆಗೂ ಊರು ಬಿಡುವ ಯೋಗವುಂಟೆ? ಇಂಗ್ಲೆಂಡಿನ ಕೆಂಟ್ ಸೀಮೆಯ ಬೇಲೀಫ್ ಎಂಬ ರೈತನ ಮನೆಗೆ ಅದೂ ಒದಗಿತು. ಹದಿನೈದನೆಯ ಶತಮಾನದ ಆರಂಭದಲ್ಲಿ ಎದ್ದ ಈ ಮನೆ ಜಲಾಶಯವೊಂದರ ಯೋಜನೆಗೆ ಸಿಕ್ಕಿತು. 1968-69ರಲ್ಲಿ ಅದನ್ನು ಬಿಚ್ಚಿ, 1972ರಲ್ಲಿ ಸಸೆಕ್ಸ್ ಸೀಮೆಯ ಸಿಂಗಲ್ಟನ್ನಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದರು.

ನಾನು ಅದನ್ನು ನೋಡಿದ್ದು ಅಲ್ಲಿಯೇ. ಹೇಗೆ ಬಿಚ್ಚಿದರೆಂಬ ನನ್ನ ಬೆರಗಿಗೆ ಕಂಬಗಳೇ ಉತ್ತರ ಹೇಳಿದವು. ಓಕ್ ಮರದ ತೊಲೆಯ ತುದಿಯನ್ನು ಕಂಬದ ಕುಳಿಯಲ್ಲಿ ಕೂರಿಸಿ, ಮರದ ಗೂಟ ಬಡಿದಿದ್ದಾರೆ. ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ಅದು ಗಾಳಿಯನ್ನು ತಡೆಯುತ್ತದೆಯೇ ಹೊರತು ಮಾಡಿನ ಭಾರ ಹೊರುವುದಿಲ್ಲ. ಗೂಟ ಕಿತ್ತರೆ ಚೌಕಟ್ಟು ಕಳಚಿಕೊಳ್ಳುತ್ತದೆ.

ನಡುಮನೆಗೆ ಅಟ್ಟವಿಲ್ಲ, ತಲೆಯೆತ್ತಿದರೆ ಮಾಡಿನವರೆಗೂ ಕತ್ತಲೆ. ನೆಲದ ಮೇಲೆಯೇ ಒಲೆ, ಅದಕ್ಕೆ ಹೊಗೆಗೂಡಿಲ್ಲ. ಹೊಗೆ ತನ್ನ ಪಾಡಿಗೆ ಮೇಲೇರಿ ಸಂದುಗಳಲ್ಲಿ ದಾರಿ ಹುಡುಕಬೇಕು. ಕಿಟಕಿಗೆ ಗಾಜಿಲ್ಲ, ಮರದ ಸರಳುಗಳಷ್ಟೆ. ಆ ಒಲೆಯ ಸುತ್ತ ಎಷ್ಟು ತಲೆಮಾರುಗಳು ಚಳಿ ಕಾಯಿಸಿದವೋ! ಈಗ ರಾತ್ರಿ ಇಲ್ಲಿ ಯಾರೂ ಮಲಗುವುದಿಲ್ಲ.

ಮರವೇನೋ ಉಳಿಯಿತು, ಬಡಗಿಗಳ ಜಾಣ್ಮೆಯೂ ಉಳಿಯಿತು. ಅದಕ್ಕಾಗಿ ನನಗೆ ಸಂತೋಷವೇ. ಆದರೆ ನೆರೆಹೊರೆಯನ್ನು ಗೂಟ ಕಿತ್ತು, ಬಂಡಿಗೆ ಹೇರಿ ತರುವ ಬಡಗಿ ಇನ್ನೂ ಹುಟ್ಟಿಲ್ಲ.