ಕಪ್ಪು ಪರದೆಯ ಘಾಟಿ

2021ರ ಸೆಪ್ಟೆಂಬರ್ 30ಕ್ಕೆ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಭದ್ರತಾ ಪ್ರಮಾಣಪತ್ರದ ಅವಧಿ ತೀರಿತು. ಅದನ್ನೇ ನಂಬಿಕೊಂಡಿದ್ದ ಹಳೆಯ ಕಂಪ್ಯೂಟರುಗಳಲ್ಲಿ ವೆಬ್‌ಸೈಟುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಅಂಥದ್ದೊಂದು ಯಂತ್ರ ಕಳಸದ ಆಚೆ, ಭದ್ರಾ ನದಿಯ ಹೊರನಾಡು ದಡದ ಗೆಳೆಯನ ಕಾಫಿ ತೋಟದ ಮನೆಯ ಅಟ್ಟದ ಮೇಲಿತ್ತು. ಆ್ಯಪಲ್ ಕಂಪನಿಯ 2010ರ ಮ್ಯಾಕ್ ಪ್ರೊ. ಇಬ್ಬರು ಹಿಡಿದು ಇಳಿಸಬೇಕಾದಷ್ಟು ಭಾರದ ಅಲ್ಯುಮಿನಿಯಂ ಪೆಟ್ಟಿಗೆ. ಮುಖದ ತುಂಬ ತೂತುಗಳಿರುವುದರಿಂದ ಲೋಕವೆಲ್ಲ ಅದನ್ನು ಚೀಸ್ ತುರಿಮಣೆ ಅಂತಲೇ ಕರೆಯುತ್ತದೆ. ಗೆಳೆಯ ವರ್ಷಗಟ್ಟಲೆ ಕೂತು ಹಿಡಿದ ಮಂಗಟ್ಟೆ ಹಕ್ಕಿಯ ಗೂಡಿನ ವಿಡಿಯೊಗಳಿಂದ ಹಿಡಿದು ತೋಟದ ಆಳುಗಳ ಲೆಕ್ಕದವರೆಗೆ ಎಲ್ಲವೂ ಅದರೊಳಗೇ.

ಗುಜರಿಗೆ ಹಾಕಿ ಹೊಸದು ತಗೊಳ್ಳಿ ಎಂದು ಹೇಳಿದವರಿಗೇನೂ ಕೊರತೆ ಇರಲಿಲ್ಲ. ಹನ್ನೆರಡು ಕೋರಿನ ಝಿಯಾನ್ ಪ್ರೊಸೆಸರು, ಬೇಕಾದಷ್ಟು ರ್‍ಯಾಮು, ಒಂದು ಸ್ಕ್ರೂಡ್ರೈವರೂ ಇಲ್ಲದೆ ತೆರೆದುಕೊಳ್ಳುವ ಪಕ್ಕದ ಬಾಗಿಲು. ಇಂಥದ್ದನ್ನು ಒಂದು ಪ್ರಮಾಣಪತ್ರ ಹಳಸಿತು ಅಂತ ಎಸೆಯುವುದು ನನ್ನ ಮಟ್ಟಿಗೆ ಪಾಪದ ಕೆಲಸ. ಮೂಡಿಗೆರೆ ಸೀಮೆಯಲ್ಲಿ ಯಂತ್ರ ಬಿಚ್ಚಿಕೊಂಡು ಕೂರುವುದು ಹೊಸ ಚಟವೂ ಅಲ್ಲ. ತೋಟ, ಮೀನು, ಕ್ಯಾಮೆರಾಗಳ ನಡುವೆಯೇ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿನ ಹಿಂದೆಯೂ ಬಿದ್ದಿದ್ದರು. ಕನ್ನಡಕ್ಕೊಂದು ಒಳ್ಳೆಯ ತಂತ್ರಾಂಶ ಬೇಕೆಂದು ಕೊನೆಯ ವರ್ಷಗಳಲ್ಲಿ ಹಟ ಹಿಡಿದು ಓಡಾಡಿದ್ದರು.

ಮುಚ್ಚಿದ ವೆಬ್‌ಸೈಟುಗಳು ತೆರೆಯಬೇಕಾದರೆ ಯಂತ್ರವನ್ನು ನಡೆಸುವ ಮ್ಯಾಕ್‌ಓಎಸ್ ತಂತ್ರಾಂಶದ ಹೊಸ ಆವೃತ್ತಿಗೆ ಏರಬೇಕು. ಹತ್ತಬೇಕಿದ್ದ ದಾರಿ ಹೀಗಿತ್ತು. ಯಂತ್ರ ನಿಂತಿದ್ದದ್ದು ಎಲ್ ಕ್ಯಾಪಿಟನ್‌ನಲ್ಲಿ, ಅಂದರೆ 2015ರಲ್ಲಿ. ಅಲ್ಲಿಂದ 2017ರ ಹೈ ಸಿಯೆರಾ, 2018ರ ಮೊಹಾವಿ. ಕಂಪನಿಯ ಬೆಂಬಲ ಅಲ್ಲಿಗೆ ಮುಗಿಯುತ್ತದೆ. 2019ರ ಕ್ಯಾಟಲಿನಾದಿಂದ ಈ ಯಂತ್ರವನ್ನು ಪಟ್ಟಿಯಿಂದ ತೆಗೆದುಹಾಕಿದ್ದಾರೆ. ನಮಗೆ ಬೇಕಿದ್ದದ್ದು ಅದರಾಚೆಯ 2021ರ ಮಾಂಟೆರೇ. ಇನ್ನೂ ಮೇಲಿನ ವೆಂಚುರಾಕ್ಕೆ ಕೈ ಹಾಕುವುದು ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಎವಿಎಕ್ಸ್2 ಎಂಬ ಲೆಕ್ಕಾಚಾರದ ಸೌಲಭ್ಯ ಈ ಹಳೆಯ ಪ್ರೊಸೆಸರಿನಲ್ಲಿ ಇಲ್ಲ, ವೆಂಚುರಾದ ಗ್ರಾಫಿಕ್ಸ್ ಡ್ರೈವರ್ ಅದನ್ನು ಕೇಳುತ್ತದೆ.

ಈ ದಾರಿಯ ನಟ್ಟನಡುವೆ ಒಂದು ಕುತ್ತು ಇದೆ. ಮೊಹಾವಿಗೆ ಮೆಟಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ನಡೆಸಬಲ್ಲ ಕಾರ್ಡು ಬೇಕೇ ಬೇಕು. ಯಂತ್ರದ ಜೊತೆ ಬಂದ ರೇಡಿಯಾನ್ ಎಚ್‌ಡಿ 5770ಗೆ ಆ ತಾಕತ್ತಿಲ್ಲ. ಹಾಗಾಗಿ ಆ್ಯಪಲ್‌ನವರೇ ಆಗುತ್ತದೆ ಎಂದು ಹೆಸರಿಸಿದ್ದ ಸಫೈರ್ ಕಂಪನಿಯ ಆರ್‌ಎಕ್ಸ್ 580 ಪಲ್ಸ್ ತರಿಸಿದೆವು. ಆದರೆ ಮ್ಯಾಕ್ ಪ್ರೊವನ್ನು ಮೊದಲು ಎಬ್ಬಿಸುವ ಫರ್ಮ್‌ವೇರ್ ಹಳೇ ಕಾಲದ ಇಎಫ್‌ಐ; ಪರದೆಯ ಮೇಲೆ ಚಿತ್ರ ಬರೆಯಲು ಯುಜಿಎ ಎಂಬ ಹಳೇ ಪದ್ಧತಿಯನ್ನು ಹುಡುಕುತ್ತದೆ. ಹೊಸ ಕಾರ್ಡಿನ ಒಳಗಿರುವುದು ಜಿಒಪಿ ಪದ್ಧತಿ. ಒಂದಕ್ಕೊಂದು ಸಂಬಂಧವೇ ಇಲ್ಲ. ಗುಂಡಿ ಒತ್ತಿದ ಗಳಿಗೆಯಿಂದ ಮ್ಯಾಕ್‌ಓಎಸ್‌ನ ಸ್ವಂತ ಡ್ರೈವರ್ ಎದ್ದು ಕೂರುವವರೆಗೆ ಸೇಬಿನ ಗುರುತಿಲ್ಲ, ಗೆರೆಯಿಲ್ಲ, ಯಾವ ಡಿಸ್ಕಿನಿಂದ ಏಳಬೇಕೆಂದು ಕೇಳುವ ಪಟ್ಟಿಯಿಲ್ಲ. ಬರೀ ಕಪ್ಪು. ಮೊಹಾವಿಯಲ್ಲಿ ಈ ಯಂತ್ರಗಳ ಡಿಸ್ಕಿಗೆ ಫೈಲ್‌ವಾಲ್ಟ್ ಬೀಗವನ್ನು ಆ್ಯಪಲ್ ಕೊಡದಿರುವುದೂ ಇದಕ್ಕೇ ಇರಬೇಕು. ಗುಪ್ತಪದ ಕೇಳುವ ಪರದೆ ಕಾಣದಿದ್ದರೆ ಬೀಗ ತೆಗೆಯುವುದು ಹೇಗೆ?

ಹಳೇ ಕಾರ್ಡನ್ನೂ ಪಕ್ಕದಲ್ಲಿ ಚುಚ್ಚಿಟ್ಟುಕೊಂಡು ಅದರ ಬೆಳಕಿನಲ್ಲಿ ಘಾಟಿ ದಾಟೋಣವೆಂದರೆ ಅದಕ್ಕೂ ಅಡ್ಡಿ. ಮೊಹಾವಿ ಹಾಕುವಾಗ ಒಳಗಿರುವ ಎಲ್ಲ ಕಾರ್ಡುಗಳೂ ಮೆಟಲ್ ಬಲ್ಲವಾಗಿರಬೇಕೆಂದು ಷರತ್ತಿದೆ. ಅದೇ ಹೊತ್ತಿಗೆ ಫರ್ಮ್‌ವೇರನ್ನೂ 144.0.0.0ಗೆ ಏರಿಸಬೇಕು. ಒಟ್ಟಿನಲ್ಲಿ, ಯಂತ್ರದ ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸವನ್ನು ಏನೂ ಕಾಣದೆ ಮಾಡಬೇಕು.

ಜುಲೈ ತಿಂಗಳು. ಮೂಡಿಗೆರೆಯಲ್ಲಿ ನೆಟ್ ಇರುವಾಗಲೇ ಮೂರೂ ಇನ್‌ಸ್ಟಾಲರುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಕೊಟ್ಟಿಗೆಹಾರ ದಾಟಿ ಕಳಸ ಸೇರುವಷ್ಟರಲ್ಲಿ ವೈಪರ್ ಹಾಕಿದರೂ ರಸ್ತೆ ಕಾಣದಂಥ ಮಳೆ. ಭದ್ರೆಯ ಹೆಬ್ಬಾಳೆ ಸೇತುವೆಯ ಮೈಗೆ ನೀರು ತಾಗುತ್ತಿತ್ತು. ನಾವು ದಾಟಿದ ಸಂಜೆಯೇ ಅದು ಮುಳುಗಿತು. ಗಾಳಿಗೆ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಒರಗಿ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮೊಬೈಲ್ ಟವರೂ ಸತ್ತಿತು. ಇನ್ನು ಏನಾದರೂ ಅನುಮಾನ ಬಂದರೆ ಯಾರನ್ನೂ ಕೇಳುವಂತಿಲ್ಲ.

ಹೈ ಸಿಯೆರಾ ಸುಲಭಕ್ಕೆ ಕೂತಿತು. ಹಳೇ ಕಾರ್ಡು ಇನ್ನೂ ಒಳಗಿತ್ತು, ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಕಾರ್ಡು ಬದಲಿಸುವುದೇ ಒಂದು ಯುದ್ಧ. ಮಲೆನಾಡಿನ ಮಳೆಗಾಲ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬಿಡದೆ ಬೂಷ್ಟು ಹಿಡಿಸುತ್ತದೆ. ಸ್ಲಾಟಿನ ಬಾಯಲ್ಲೂ ಹಸಿರು ಮೆತ್ತಿತ್ತು. ಗೆಳೆಯನ ಮಗಳ ಕಂಪಾಸ್ ಬಾಕ್ಸಿನಿಂದ ರಬ್ಬರ್ ತಂದು ಕಾರ್ಡಿನ ಚಿನ್ನದ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದೆ. ಸ್ಲಾಟಿಗೆ ಬ್ರಷ್ಷು ಹಾಕಿ, ಬಚ್ಚಲ ಒಲೆಯ ಮುಂದೆ ಕಾಯಿಸಿದ ಒಣ ಬಟ್ಟೆಯಿಂದ ಸುತ್ತಲೂ ಒರೆಸಿದ್ದಾಯಿತು. ಹೊಸ ಕಾರ್ಡಿಗೆ ಎಂಟು ಪಿನ್ನಿನ ಕರೆಂಟು ಬೇಕು. ಮದರ್‌ಬೋರ್ಡಿನಲ್ಲಿ ಇರುವುದು ಆರು ಪಿನ್ನಿನ ಎರಡು ಪುಟ್ಟ ಕಿಂಡಿ. ಎರಡನ್ನೂ ಕೂಡಿಸಿ ಒಂದು ಮಾಡುವ ಕೇಬಲ್ಲನ್ನು ಹಾರ್ಡ್‌ಡಿಸ್ಕುಗಳ ಹಿಂದಿನ ಸಂದಿಯಲ್ಲಿ, ಬೆರಳ ತುದಿಯ ಅಂದಾಜಿನ ಮೇಲೆ ಸಿಕ್ಕಿಸಬೇಕು. ಟಕ್ ಅಂದಿತು. ಗುಂಡಿ ಒತ್ತಿದೆವು. ಯಂತ್ರ ಏಳುವ ಗಂಟೆ ಮೊಳಗಿತು. ಪರದೆ ಕಪ್ಪು.

“ಎಂತ ಮಾರಾಯ, ಸತ್ತೋಯ್ತಾ?”

“ಸುಮ್ನಿರು ಮಾರಾಯ. ಯಾವ ಗುಂಡಿನೂ ಮುಟ್ಟಬೇಡ.”

ಕಾದೆವು. ಹೆಂಚಿನ ಮೇಲೆ ಮಳೆಯ ಸದ್ದಿನಲ್ಲಿ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗದೆ ಪೆಟ್ಟಿಗೆಯ ಬೆನ್ನಿಗೆ ಅಂಗೈ ಹಿಡಿದು ಗಾಳಿ ನೋಡಿಕೊಂಡೆ. ತಟ್ಟನೆ ಲಾಗಿನ್ ಪರದೆ ಎದ್ದು ನಿಂತಿತು, ಯಾವ ಮುನ್ಸೂಚನೆಯೂ ಇಲ್ಲದೆ.

ನಿಜವಾದ ಘಾಟಿ ರಾತ್ರಿಗೆ ಶುರುವಾಯಿತು. ಮೊಹಾವಿ ಇನ್‌ಸ್ಟಾಲರ್ ಫರ್ಮ್‌ವೇರ್ ಏರಿಸಬೇಕೆಂದು ಹೇಳಿ ಯಂತ್ರವನ್ನು ಆರಿಸುತ್ತದೆ. ಆಮೇಲೆ ಪವರ್ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು, ದೀಪ ಪಟಪಟನೆ ಮಿನುಗುವವರೆಗೆ, ಇಲ್ಲವೇ ಉದ್ದನೆಯ ಬೀಪ್ ಕೇಳುವವರೆಗೆ. ಆಗ ಮದರ್‌ಬೋರ್ಡಿನ ಮೇಲಿನ, ಉಗುರಿಗಿಂತ ಚಿಕ್ಕದಾದ 4 ಎಂಬಿ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಅಳಿಸಿ ಹೊಸದಾಗಿ ಬರೆಯಲ್ಪಡುತ್ತದೆ. ಯಂತ್ರದ ಸ್ವಂತ ಸೀರಿಯಲ್ ನಂಬರೂ ಅದೇ ಚಿಪ್ಪಿನಲ್ಲಿದೆ. ನಡುವೆ ಕರೆಂಟು ಕೈಕೊಟ್ಟರೆ ಯಂತ್ರ ಮತ್ತೆ ಏಳುವುದಿಲ್ಲ. ಚಿಪ್ಪನ್ನು ಬೆಸುಗೆಯಿಂದ ಬಿಡಿಸಿ, ಪ್ರೋಗ್ರಾಮರ್ ಎಂಬ ಸಲಕರಣೆಗೆ ಹಾಕಿ ಹಳೆಯ ನಕಲನ್ನು ಬರೆಯಬೇಕು. ನಕಲನ್ನೇನೋ ಮಧ್ಯಾಹ್ನವೇ ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದೆ. ಸಲಕರಣೆ ಆ ದಡದಲ್ಲಿ ಯಾರ ಬಳಿಯೂ ಇರಲಿಲ್ಲ.

ಮನೆಯ ಇನ್ವರ್ಟರಿನ ಮೇಲೆ ಭರವಸೆ ಇಡುವಂತಿಲ್ಲ. ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಆ ಒಂದು ಚಣಕ್ಕೇ ಈ ಪೆಟ್ಟಿಗೆ ಆರುತ್ತದೆ. ಆಫೀಸಿನ ಯುಪಿಎಸ್ ತಂದಿಟ್ಟೆವು. ಅದರ ಬೆನ್ನಿಗೆ ಪಲ್ಪರ್ ಮನೆಯ ಜನರೇಟರಿನಿಂದ ಒಂದು ಲೈನು. ಹಣ್ಣು ಕುಯ್ಯುವ ಕಾಲ ಬಿಟ್ಟರೆ ಅದಕ್ಕೆ ವರ್ಷವಿಡೀ ಕೆಲಸವಿಲ್ಲ, ಬ್ಯಾಟರಿ ಇಳಿದಿತ್ತು, ಹ್ಯಾಂಡಲ್ ತಿರುಗಿಸಿಯೇ ಎಬ್ಬಿಸಬೇಕು. ತೋಟದ ಲೆಕ್ಕ ಬರೆಯುವ ರೈಟರ್ ಕೊಪ್ಪೆ ಹಾಕಿಕೊಂಡು ಕೂಗಿದರು: “ಅಯ್ಯಾ, ಒಂದು ಸಲ ಚಾಲೂ ಆದ್ರೆ ನಾನು ಬಿಟ್ಟು ಬರಲ್ಲ, ಅಲ್ಲೇ ಕೂತಿರ್ತೀನಿ. ಡೀಸೆಲ್ ಎಷ್ಟುಂಟು ಅಂತ ಮಾತ್ರ ಕೇಳಬೇಡಿ.”

ಒತ್ತಿ ಹಿಡಿದೆ. ದೀಪ ಮಿನುಗಿತು. ಬೀಪ್. ಡಿವಿಡಿ ಟ್ರೇ ತಾನಾಗಿ ಹೊರಗೆ ಬಂತು. ಕತ್ತಲಲ್ಲಿ ಅದೊಂದೇ ಗುರುತು, ಫರ್ಮ್‌ವೇರ್ ಬರೆಯುವ ಕೆಲಸ ಶುರುವಾಗಿದೆ ಅಂತ. ಬೆರಳು ತೆಗೆದೆ. ಮಾನಿಟರಿನ ಮೇಲೆ ಏನೂ ಇಲ್ಲ. ಗೆರೆ ಎಷ್ಟು ತುಂಬಿದೆ ಎಂದು ತೋರಿಸಲು ಯಂತ್ರ ಪ್ರಯತ್ನಿಸುತ್ತಲೇ ಇತ್ತು, ನೋಡುವ ಭಾಗ್ಯ ನಮಗಿರಲಿಲ್ಲ.

ಅಷ್ಟರಲ್ಲಿ ಕೆಳಗೆ ಜನರೇಟರಿನ ಸದ್ದು ಕೆಮ್ಮಿ ನಿಂತಿತು.

ಯುಪಿಎಸ್ ಕೂಗಲು ಶುರುಮಾಡಿತು. ಒಂದೊಂದು ಕೂಗಿಗೂ ಗೆಳೆಯ ನನ್ನ ಮುಖ ನೋಡುತ್ತಿದ್ದ. ತಟ್ಟನೆ ಅವನಿಗೇ ಹೊಳೆಯಿತು: “ಏನೂ ತೋರ್ಸದ ಈ ಮಾನಿಟರಿಗೆ ಕರೆಂಟು ಯಾಕೆ ಮಾರಾಯ?” ಪ್ಲಗ್ ಕಿತ್ತೆವು. ಸ್ಪೀಕರು, ಟೇಬಲ್ ದೀಪ, ಎಲ್ಲ ಕಿತ್ತೆವು. ಯುಪಿಎಸ್ಸಿನಲ್ಲಿ ಉಳಿದದ್ದನ್ನೆಲ್ಲ ಆ ಒಂದು ಪೆಟ್ಟಿಗೆಗೇ ಬಿಟ್ಟುಕೊಟ್ಟೆವು. ಕಗ್ಗತ್ತಲು. ಗೆಳೆಯ ಟಾರ್ಚು ಹಿಡಿದು ಕೆಳಗೆ ಓಡಿದ. ಪಾಚಿಗಟ್ಟಿದ ಕಣದಲ್ಲಿ ದಬಾರನೆ ಬಿದ್ದ ಸದ್ದು, ಬೈಗುಳ, ಮತ್ತೆ ಓಟ. ಕೂಗು ಬಿಟ್ಟು ಬಿಟ್ಟು ಬರುತ್ತಿದ್ದದ್ದು ಬೇಗ ಬೇಗ ಬರತೊಡಗಿತು. ಬ್ಯಾಟರಿ ತಳ ಮುಟ್ಟುತ್ತಿತ್ತು. ಇಂಬಳವೊಂದು ಕಾಲಿಗೆ ಹತ್ತಿದ್ದು ಗೊತ್ತಾಗುತ್ತಿತ್ತು, ಬಗ್ಗಿ ಕೀಳುವ ಧೈರ್ಯವಾಗಲಿಲ್ಲ. ಕತ್ತಲಲ್ಲಿ ಮೊಣಕೈ ತಾಗಿ ವೈರೇನಾದರೂ ಸಡಿಲಿದರೆ?

ಜನರೇಟರ್ ಗುಡುಗಿತು. ಯುಪಿಎಸ್ ಬಾಯಿ ಮುಚ್ಚಿತು. ಇನ್ನೊಂದಷ್ಟು ಹೊತ್ತಿಗೆ, ಯಾರೂ ಏನೂ ಮಾಡದೆಯೇ, ಯಂತ್ರ ತಾನಾಗಿ ಆರಿ ಎದ್ದು ಗಂಟೆ ಬಾರಿಸಿತು. ಮಾನಿಟರಿನ ಪ್ಲಗ್ ಸಿಕ್ಕಿಸಿದಾಗ ಲಾಗಿನ್ ಪರದೆ ಕಾದಿತ್ತು. ಸಿಸ್ಟಮ್ ಮಾಹಿತಿಯಲ್ಲಿ ಬೂಟ್ ರಾಮ್ 144.0.0.0.

ಮೊಹಾವಿ ಕೂತಿದ್ದರ ಬಗ್ಗೆ ಹೇಳುವಂಥದ್ದೇನಿಲ್ಲ. ಇಲ್ಲಿಂದ ಮುಂದೆ ಕಂಪನಿಯ ನಕ್ಷೆ ಇಲ್ಲ, ಓಪನ್‌ಕೋರ್ ಲೆಗಸಿ ಪ್ಯಾಚರ್ ಇದೆ: ಬಿಡುವಿನ ವೇಳೆಯಲ್ಲಿ ಹವ್ಯಾಸಿಗಳು ಕಟ್ಟಿ ಉಚಿತವಾಗಿ ಹಂಚುತ್ತಿರುವ ತಂತ್ರಾಂಶ. ಓಪನ್‌ಕೋರ್ ಫರ್ಮ್‌ವೇರಿಗೂ ಮ್ಯಾಕ್‌ಓಎಸ್‌ಗೂ ನಡುವೆ ನಿಂತು, ಬೆಂಬಲ ತಪ್ಪಿದ ಯಂತ್ರದಲ್ಲೂ ಹೊಸ ಮ್ಯಾಕ್‌ಓಎಸ್ ಏಳುವಂತೆ ಮಾಡುತ್ತದೆ. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಹೊಸ ಕಾರ್ಡಿನೊಳಗೆ ನಿದ್ದೆ ಹೋಗಿರುವ ಜಿಒಪಿಯನ್ನು ಅದೇ ತಟ್ಟಿ ಎಬ್ಬಿಸುತ್ತದೆ. ಫರ್ಮ್‌ವೇರ್ ಮಾಡದ ಕೆಲಸವನ್ನು ಇದು ಮಾಡುತ್ತದೆ.

ಆದರೆ ಮೊದಲ ಸಲ ಓಪನ್‌ಕೋರನ್ನು ಆರಿಸಲು ಆಪ್ಷನ್ ಕೀಲಿ ಒತ್ತಿ ಹಳೇ ಪಟ್ಟಿಯನ್ನು ಕರೆಯಬೇಕು, ಹೊಸ ಕಾರ್ಡಿನಲ್ಲಿ ಆ ಪಟ್ಟಿ ಕಾಣುವುದಿಲ್ಲ. ಮೂಲೆಗೆ ತಳ್ಳಿದ್ದ 5770 ಮತ್ತೆ ಬೇಕಾಯಿತು. ಬಿಚ್ಚು, ಹಾಕು. ವೈರಿನ ಕೀಬೋರ್ಡಿನಲ್ಲಿ ಆಪ್ಷನ್ ಒತ್ತಿದರೆ ಬೂದು ಪರದೆ, ಸಾಲಾಗಿ ಡಿಸ್ಕುಗಳು, ಕೊನೆಗೆ ಇಎಫ್‌ಐ ಬೂಟ್. ಕಂಟ್ರೋಲ್ ಕೀಲಿ ಹಿಡಿದುಕೊಂಡು ಎಂಟರ್ ಒತ್ತಿದೆ. ಹಾಗೆ ಒತ್ತಿದರೆ ಆ ಆಯ್ಕೆ ಕಾಯಂ ಆಗುತ್ತದೆ, ಮುಂದಿನ ಸಲ ಯಂತ್ರ ನಮ್ಮನ್ನು ಕೇಳುವುದಿಲ್ಲ. ಆರಿಸಿ, 5770 ಕಿತ್ತು, 580 ಹಾಕಿ, ಆ ಹಾಳು ಕೇಬಲ್ಲನ್ನು ಮತ್ತೆ ಸಂದಿಯಲ್ಲಿ ತಡಕಾಡಿ ಸಿಕ್ಕಿಸಿ, ಗುಂಡಿ ಒತ್ತಿದೆವು.

ಗಂಟೆ. ಕಪ್ಪು. ಇನ್ನೂ ಕಪ್ಪು. ಗೆಳೆಯ ಬಾಯಿ ತೆರೆಯುವುದಕ್ಕೂ ಪರದೆಯ ತುಂಬ ಓಪನ್‌ಕೋರಿನ ಪಟ್ಟಿ ಮೂಡುವುದಕ್ಕೂ ಸರಿಹೋಯಿತು. ಡಿಸ್ಕಿನ ಚಿತ್ರಗಳು, ಕೆಳಗೆ ಹೆಸರುಗಳು, ಬಾಣದ ಕೀಲಿಗೆ ಆಚೀಚೆ ಸರಿಯುವ ಗುರುತು. ಮಾಂಟೆರೇ ಇನ್‌ಸ್ಟಾಲರ್ ಆರಿಸಿದೆ. ಬಿಳಿ ಸೇಬು, ಅದರ ಕೆಳಗೆ ನಿಧಾನಕ್ಕೆ ತುಂಬುವ ಗೆರೆ. ಗೆರೆ ಅರ್ಧಕ್ಕೆ ಬಂದು ನಿಂತಾಗ ಗೆಳೆಯ ನಕ್ಕ: “ನಿಂತ್ಕಳ್ಲಿ ಬಿಡು ಮಾರಾಯ. ನಿಂತಿದ್ದು ಕಾಣ್ತಿದೆಯಲ್ಲ!”

ಆ ಹುರುಪಿನಲ್ಲೇ ಅವನಿಗೆ ಇನ್ನೊಂದು ಆಸೆ ಹುಟ್ಟಿತು. ಎನೇಬಲ್‌ಜಿಒಪಿ ಎಂಬ ತುಣುಕೊಂದಿದೆ. ಅದನ್ನು ಫರ್ಮ್‌ವೇರಿನ ಚಿಪ್ಪಿಗೇ ಸೇರಿಸಿ ಬರೆದರೆ, ಓಪನ್‌ಕೋರ್ ಇಲ್ಲದೆಯೂ ಆಪ್ಷನ್ ಕೀಲಿಯ ಹಳೇ ಪಟ್ಟಿ ಹೊಸ ಕಾರ್ಡಿನಲ್ಲಿ ಕಾಣುತ್ತದೆ. ಅಂದರೆ ಮತ್ತೆ ಅದೇ 4 ಎಂಬಿ ಚಿಪ್ಪು, ಮತ್ತೆ ಅಳಿಸಿ ಬರೆಯುವುದು. ಬೇಸಿಗೆಗೆ ನೋಡೋಣ ಎಂದೆ. ಪ್ರೋಗ್ರಾಮರ್ ಕೈಯಲ್ಲಿಲ್ಲದೆ, ಸೇತುವೆ ನೀರೊಳಗಿರುವಾಗ ಅದಕ್ಕೆ ಕೈ ಹಾಕುವುದು ಸಾಹಸವಲ್ಲ, ಕೊಬ್ಬು.

ಬೆಳಗ್ಗೆ ಮಾಂಟೆರೇ ಓಡುತ್ತಿತ್ತು. ಮಂಗಟ್ಟೆ ವಿಡಿಯೊ ಎಲ್ಲೂ ಎಡವದೆ ನಡೆಯುತ್ತಿತ್ತು, ಮುಚ್ಚಿದ್ದ ವೆಬ್‌ಸೈಟುಗಳೆಲ್ಲ ಟವರ್ ಬಂದ ಮೇಲೆ ತೆರೆದವು. ರೈಟರ್ ಕಡುಬಿನ ತಟ್ಟೆ ಹಿಡಿದು ಮೇಲೆ ಬಂದವರು ಪರದೆಯನ್ನು ಒಂದು ಸಲ ನೋಡಿ, “ಚೆಂದ ಬರ್ತಾ ಉಂಟು ಸರ್. ಹಂಗೇ ಈ ವಾರದ ಬಟವಾಡೆ ಶೀಟು ಒಂದು ಪ್ರಿಂಟ್ ತೆಗೀರಿ” ಎಂದರು. ತೆಗೆಯಲು ಹೋದರೆ, ಆ ಹಳೇ ಪ್ರಿಂಟರಿಗೆ ಮಾಂಟೆರೇಯಲ್ಲಿ ಡ್ರೈವರೇ ಇಲ್ಲ.