ನೇಣುಮರದ ಕೆಳಗೆ ದಾಳ

ಒಂದು ದೊಡ್ಡ ಮರ, ಕೊಂಬೆಕೊಂಬೆಗೂ ಹೆಣ. ಏಣಿ ಹತ್ತಿದ ಪಾದ್ರಿ ಸಾಯಲಿರುವವನ ಮುಖಕ್ಕೆ ಶಿಲುಬೆ ಹಿಡಿದಿದ್ದಾನೆ. ಬುಡದಲ್ಲಿ ಇಬ್ಬರು ಡೋಲನ್ನೇ ಮೇಜು ಮಾಡಿಕೊಂಡು ದಾಳ ಉರುಳಿಸುತ್ತಿದ್ದಾರೆ. ಸುತ್ತ ಈಟಿ ಹಿಡಿದ ದಂಡು. ಇಷ್ಟೂ ಇರುವುದು 8 ಸೆಂ.ಮೀ. ಎತ್ತರ, 18 ಚಿಲ್ಲರೆ ಸೆಂ.ಮೀ. ಅಗಲದ ಅಚ್ಚಿನಲ್ಲಿ. ಲೊರೇನಿನ ಜಾಕ್ ಕಲೋ ತಾಮ್ರದ ತಗಡಿಗೆ ತಂತಿವಾದ್ಯದವರ ಗಟ್ಟಿ ವಾರ್ನಿಷ್ ಬಳಿದು, ಗೀರಿ, ಆಸಿಡ್‌ಗೆ ಒಡ್ಡಿ ಮಾಡಿದ್ದು. 1633ರಲ್ಲಿ ಹೊರಬಂದ ಅವನ 18 ಚಿತ್ರಗಳ ಯುದ್ಧಸಂಕಟದ ಮಾಲಿಕೆಯಲ್ಲಿ ಇದು ಹನ್ನೊಂದನೆಯದು.

ಚೆನ್ನೈನ ಪುರಸೈವಾಕ್ಕಂನ ಒಂದು ಮನೆಯಲ್ಲಿ ನಾವು ಕೆಲವು ಕನ್ನಡದವರು ಸೇರಿ ಓದುವುದುಂಟು. ಅಲ್ಲಿ ನಾನು ಈ ಚಿತ್ರ ತೋರಿಸಿ, ಸೇನೆ ಕೊಂದ ಬಡ ಹಳ್ಳಿಗರಿವರು, ಕೊಂದವರು ನಿಶ್ಚಿಂತೆಯಿಂದ ಜೂಜಾಡುತ್ತಿದ್ದಾರೆ ಎಂದು ಬಹಳ ಹೊತ್ತು ಮಾತಾಡಿದೆ. ನನ್ನ ದನಿಯೂ ಗದ್ಗದವಾಯಿತು. ಕೇಳುತ್ತಿದ್ದವರಲ್ಲಿ ಆಯುಷ್ಯವೆಲ್ಲ ಅಚ್ಚಿನ ಬ್ಲಾಕ್ ಮಾಡಿದ ಹಿರಿಯರೊಬ್ಬರಿದ್ದರು. ಭೂತಗನ್ನಡಿ ಹಿಡಿದು ನೋಡಿ ಕೇಳಿದರು: "ಮೇಷ್ಟ್ರೇ, ಊರು ಲೂಟಿ ಮಾಡೋರು ಪಾದ್ರೀನೂ ಕರ್ಕೊಂಡು ಬರ್ತಾರಾ? ದಂಡು ಇಷ್ಟು ಶಿಸ್ತಾಗಿ ಸಾಲು ನಿಂತಿದೆಯಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಉಳಿದ ಚಿತ್ರಗಳನ್ನು ಸಾಲಾಗಿ ನೋಡಿದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಮರದಲ್ಲಿ ತೂಗುತ್ತಿರುವವರು ಹಳ್ಳಿಗರಲ್ಲ, ಲೂಟಿ ಮಾಡಿದ ಸೈನಿಕರೇ. ಅವರದೇ ಸೇನೆ ಶಿಕ್ಷೆ ಕೊಡುತ್ತಿದೆ. ಕೆಳಗಿನ ಫ್ರೆಂಚ್ ಪದ್ಯವೂ ಅವರನ್ನು ಕಳ್ಳರೆಂದೇ ಹೇಳುತ್ತದೆ.

ಹೀಗೇಕೆ ಎಡವಿದೆ? ನಾನು ಬೆಳೆದದ್ದು ವೀರಗಲ್ಲುಗಳ ಸೀಮೆಯಲ್ಲಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅಲ್ಲಿ ಸತ್ತವನು ಪೂಜ್ಯ, ಕಲ್ಲು ನಿಲ್ಲಿಸಿದ್ದೇ ಅವನಿಗಾಗಿ. ಆ ಕಣ್ಣನ್ನೇ ಕಲೋನ ಮರಕ್ಕೂ ಒಯ್ದೆ: ಹೆಣ ಕಂಡೊಡನೆ ಕೈಮುಗಿದೆ.

ನನ್ನನ್ನು ಹೆಚ್ಚು ಕಾಡುವುದು ಐದನೆಯ ಚಿತ್ರ. ಒಂದು ರೈತನ ಮನೆ. ಒಬ್ಬ ಪೀಪಾಯಿಯಿಂದ ಮದ್ಯ ಬಗ್ಗಿಸುತ್ತಿದ್ದಾನೆ. ಅದೇ ಮನೆಯ ಒಲೆಯ ಬೆಂಕಿಯ ಮೇಲೆ ಒಬ್ಬನನ್ನು ತಲೆಕೆಳಗಾಗಿ ತೂಗುಹಾಕಿದ್ದಾರೆ, ಹೆಂಗಸರ ಮೇಲೆ ಅತ್ಯಾಚಾರ ನಡೆದಿದೆ. ದಿನವೂ ಅನ್ನ ಬೇಯುವ ಜಾಗದಲ್ಲೇ ಇಷ್ಟೂ. ಮರದ ಕೆಳಗೆ ಗದ್ಗದನಾದ ನಾನು ಈ ಮನೆಯವರನ್ನು ಹೆಸರಿಗೂ ನೆನೆಯಲಿಲ್ಲ. ಅವರಿಗೆ ಸಲ್ಲಬೇಕಾದ ಕಣ್ಣೀರನ್ನು ಅವರ ಮನೆ ಸುಲಿದವರಿಗೆ ಕೊಟ್ಟೆ. ಚಿತ್ರ ಓದುವಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಗೊತ್ತಿಲ್ಲ.

ಮತ್ತೆ ಪುರಸೈವಾಕ್ಕಂನ ಆ ಮನೆಗೆ ಹೋದಾಗ ತಪ್ಪು ಒಪ್ಪಿಕೊಂಡು, ಐದನೆಯ ಚಿತ್ರದಿಂದಲೇ ಶುರುಮಾಡಿದೆ. ನೇಣು ನ್ಯಾಯವೇ ಆಯಿತೆಂದು ಹೇಳಲು ಆಗಲೂ ಬಾಯಿ ಬರಲಿಲ್ಲ. ಎರಡನೆಯ ಚಿತ್ರದಲ್ಲಿ ಜನ ದಂಡಿಗೆ ಸೇರುತ್ತಿದ್ದಾರೆ. ಸಂಬಳಕ್ಕೆ ಬಂದವರನ್ನು ಲೂಟಿಗೆ ಬಿಟ್ಟ ದೊರೆ ಆ ಮರದಲ್ಲಿಲ್ಲ. ಕೊನೆಯ ಚಿತ್ರದಲ್ಲಿ ಅವನು ಸಿಂಹಾಸನದಲ್ಲಿ ಕೂತು ಬಹುಮಾನ ಹಂಚುತ್ತಾನೆ.

ಹಿರಿಯರು ಮತ್ತೆ ಗಾಜು ಹಿಡಿದರು: "ಹಾಗಾದ್ರೆ ದಾಳ ಆಡ್ತಿರೋರು ಯಾರು?" ಕಾವಲಿನವರು ಸತ್ತವರ ಬಟ್ಟೆಗಾಗಿ ಆಡುತ್ತಿರಬಹುದು, ಇಲ್ಲವೇ ಸರದಿಗೆ ಕಾದವರು ಯಾರಿಗೆ ಜೀವದಾನವೆಂದು ಆಡುತ್ತಿರಬಹುದು ಎಂದೆ. ಈ ಸಲ ಒಂದನ್ನೇ ಆರಿಸಿಕೊಂಡು ಮಾತು ಬೆಳೆಸಲಿಲ್ಲ. ಅವರು ಗಾಜನ್ನು ಪಕ್ಕದಲ್ಲಿದ್ದ ಹುಡುಗಿಗೆ ಕೊಟ್ಟು, "ನೀನೂ ನೋಡಮ್ಮ" ಎಂದರು.